ಒಂದೂವರೆ ಆಳೆತ್ತರ

"ಲೇ ಬೋಳಿಮಗನೆ, ಇದನ್ನ ವೇದಿಕೆ ಅಂತಾರೇನೋ? ಎಮ್ಮೆ ಕಟ್ಟೋ ಕಟ್ಟೆ ಇದ್ದಂಗಿದೆ! ಇನ್ನೊಂದಡಿ ಎತ್ತು!"

ಎಂಪಿ ಸಾಹೇಬರ ಆಪ್ತ ಸಹಾಯಕ ಕೆಳಗೆ ನಿಂತು ಕಿರುಚುತ್ತಿದ್ದ. ಮೇಲೆ ಹಲಗೆಗೆ ಮೊಳೆ ಬಡಿಯುತ್ತಿದ್ದ ಮೌನಿ ಎಂದಿನಂತೆ ಬಾಯಿ ಬಿಡಲಿಲ್ಲ. ಅವನ ಪರವಾಗಿ ಮಾತಾಡುವ ಕೆಲಸ ಅವನ ಹೆಂಡತಿಯದು. ಶಾಮಿಯಾನದ ಗೂಟ ಹೊಡೆದೂ ಹೊಡೆದೂ ಗೂಟದಕ್ಕ ಎಂದೇ ಹೆಸರಾಗಿದ್ದ ಅವಳು ಸುತ್ತಿಗೆ ಹೆಗಲಿಗೇರಿಸಿ ಬಂದಳು.

"ಈಗಲೇ ಒಂದೂವರೆ ಆಳೆತ್ತರ ಐತೆ ಸ್ವಾಮಿ. ಇನ್ನೂ ಎತ್ತಿದ್ರೆ ಭಾಷಣ ಕೇಳೋಕೆ ಜನ ಮರ ಹತ್ತಬೇಕು."

"ಜನ ಕೇಳಿದ್ರೆಷ್ಟು ಬಿಟ್ರೆಷ್ಟು! ಎಸೆದ ಚಪ್ಪಲಿ ತಾಗಬಾರದು, ಅಷ್ಟೆ."

ಚಪ್ಪಲಿಯ ಮಾತು ಸುಳ್ಳಲ್ಲ. ಹೋದ ವರ್ಷ ಒಂದು ಸಭೆಯಲ್ಲಿ ಎಡಗಾಲಿನದೊಂದು ಹಾರಿ ಬಂದು ಸಾಹೇಬರ ಹೂಮಾಲೆಯೊಳಗೆ ಸಿಕ್ಕಿಕೊಂಡಿತ್ತು. ಅದು ಗೊತ್ತಾಗದೆ ಅವರು ಎದೆಯ ಮೇಲೆ ಚಪ್ಪಲಿ ಧರಿಸಿಕೊಂಡೇ ಬಹಳ ಹೊತ್ತು ದೇಶದ ಮಾನದ ಬಗ್ಗೆ ಮಾತಾಡಿದ್ದರು.

ಗಂಡ ಹೆಂಡತಿ ಇಬ್ಬರೂ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಗೋದಾಮೊಂದರ ಕೂಲಿಗಳು. ಅಲ್ಲಿನವರು ಎಂಪಿಯ ಏಳಿಗೆಯನ್ನು ಅಳೆಯುತ್ತಿದ್ದುದು ವೇದಿಕೆಯ ಎತ್ತರದಲ್ಲೇ. ಅವನೂ ಒಂದು ಕಾಲಕ್ಕೆ ಇದೇ ಗೋದಾಮಿನಲ್ಲಿ ಕುರ್ಚಿ ಹೊತ್ತವನು. ಕೂಲಿಗಳ ಮೊದಲ ಮುಷ್ಕರದಲ್ಲಿ ಎಣ್ಣೆ ಡಬ್ಬವೊಂದನ್ನು ಬೋರಲು ಹಾಕಿ, ಮೇಲೆ ನಿಂತು ಮಾಲೀಕನ ಜನ್ಮ ಜಾಲಾಡಿದ್ದ. ಡಬ್ಬ ಅಲುಗಾಡದ ಹಾಗೆ ಹಿಡಿದು ಕೂತವಳು ಗೂಟದಕ್ಕ. ಅಂದಿನಿಂದ ಅವನು ಡಬ್ಬ. ಮೊದಲ ಚುನಾವಣೆಗೆ ಎರಡು ಬೆಂಚು ಜೋಡಿಸಿಕೊಟ್ಟರು, ಗೆದ್ದು ಸಂಸತ್ತಿಗೆ ಹೋದ. ಅಲ್ಲಿ ಕೂಲಿಗಳ ಬಗ್ಗೆ ಒಂದು ಪ್ರಶ್ನೆ ಕೇಳಿದ್ದು ರೇಡಿಯೋದಲ್ಲಿ ಬಂದಾಗ ಇಡೀ ಗೋದಾಮು ಕುಣಿದಿತ್ತು. ಅದಾದ ಮೇಲೆ ಅವನು ಯಾವ ಪ್ರಶ್ನೆ ಕೇಳಿದ್ದೂ ಯಾರಿಗೂ ನೆನಪಿಲ್ಲ. ಎರಡನೇ ಸಲ ವೇದಿಕೆ ಸೊಂಟದ ಮಟ್ಟಕ್ಕೆ ಬಂತು. ಮೂರನೇ ಸಲ ಎದೆಯ ಮಟ್ಟ, ಮೇಲೆ ಜಮಖಾನೆ. ಆಮೇಲೆ ಏರ್‌ಕೂಲರು. ನಡುವೆ ಅವನು ಪಕ್ಷ ಬದಲಿಸಿದಾಗಲೆಲ್ಲ ಗೋದಾಮಿನ ಪರದೆಗಳನ್ನು ಬಣ್ಣದ ಹಂಡೆಗೆ ಅದ್ದಬೇಕಾಗುತ್ತಿತ್ತು. ಈಗ ಅವು ಯಾವ ಬಣ್ಣವೆಂದು ಅದ್ದಿದವರಿಗೇ ಗೊತ್ತಿಲ್ಲ.

ಇವತ್ತು ಡಬ್ಬ ಸಂಸತ್ತು ಸೇರಿ ಇಪ್ಪತ್ತೈದು ವರ್ಷವಾದ ಸಂಭ್ರಮ. ಅವನ ಹೆಸರಿನಲ್ಲೊಂದು ಭವನ ಏಳಲಿದೆ. ಅದು ಏಳುವ ಜಾಗದಲ್ಲಿ, ಅಂದರೆ ಈ ಮೈದಾನಕ್ಕೂ ಗೋದಾಮಿಗೂ ನಡುವಿನ ತಗಡಿನ ಮನೆಗಳ ಸಾಲಿನಲ್ಲಿ, ಕೂಲಿಗಳು ವಾಸವಾಗಿದ್ದಾರೆ.

"ನಾಳೆ ಬುಲ್ಡೋಜರ್ ಬರುತ್ತೆ ಅಂತ ಮಾಲೀಕ ಹೇಳ್ದ. ದಿಟವಾ?" ಎಂದು ಗೂಟದಕ್ಕ ಕೇಳಿದಳು.

"ನಾಳೆ ಯಾಕೆ, ಆಗಲೇ ಬಂದು ನಿಂತಿದೆ. ಕಣ್ಣು ಕಾಣಲ್ವಾ?" ಸಹಾಯಕ ಮೈದಾನದ ಅಂಚಿಗೆ ಬೆರಳು ಮಾಡಿದ. ಅಲ್ಲಿ ಹಳದಿ ಯಂತ್ರವೊಂದು ಸೊಂಡಿಲು ಮಡಚಿ ನಿಂತಿತ್ತು. ಡ್ರೈವರು ಒಳಗೇ ಗೊರಕೆ ಹೊಡೆಯುತ್ತಿದ್ದ.

"ನಮ್ಮ ಮನೆಗಳು?"

"ಮನೆಯಂತೆ ಮನೆ! ತಗಡು ಹೊದ್ದ ಹಂದಿಗೂಡು. ಸಾಹೇಬ್ರು ಭಾಷಣ ಮುಗಿಸಿ ಇಳಿದಾಗ ಕಾಲಿಗೆ ಬೀಳು. ಮನಸ್ಸಾದ್ರೆ ನಿಂತು ಕೇಳ್ತಾರೆ."

"ಬೀಳೋಕೆ ಸೊಂಟ ಬಗ್ಗಲ್ಲ. ನಿಂತೇ ಮಾತಾಡ್ತೀನಿ."

"ಎಷ್ಟು ಕೊಬ್ಬೇ ನಿಂಗೆ!"

"ಗೂಟ ಹೊಡೀತೀನಲ್ಲ, ಮೈ ಗಟ್ಟಿ."

ಮಧ್ಯಾಹ್ನ ಸಭೆ ತುಂಬಿತು. ಮೈಕಿನವನು, ಹುಟ್ಟಿದಾಗಿನಿಂದ ಅದೊಂದೇ ಪದ ಕಲಿತವನಂತೆ "ಹಲೋ ಹಲೋ" ಅನ್ನುತ್ತಿದ್ದುದರಿಂದ ಹಲೋ ಎಂದೇ ಕರೆಸಿಕೊಳ್ಳುವವನು, ತಂತಿ ಸರಿಮಾಡಿ ವೇದಿಕೆಯ ಬುಡದಲ್ಲಿ ಕೂತ. ಗೂಟದಕ್ಕ ಮೆಟ್ಟಿಲ ಬಳಿ ನಿಂತಳು. ಡಬ್ಬ ಇಳಿದ ಕೂಡಲೇ ಕಾರಿನ ಬಾಗಿಲು ತೆರೆಯುತ್ತದೆ, ಅಷ್ಟರೊಳಗೆ ಹಿಡಿಯಬೇಕು.

ಡಬ್ಬನ ಭಾಷಣ ಗೋದಾಮಿನವರಿಗೆ ಬಾಯಿಪಾಠ. ಅವನು "ನನ್ನ ಕೊನೆಯ ಉಸಿರೂ ನಿಮ್ಮದೇ" ಅಂದನೆಂದರೆ ಮುಗಿಯಿತು, ಆಮೇಲೆ ಕೈ ಮುಗಿಯುವುದೊಂದೇ ಬಾಕಿ. ಆ ಮಾತು ಕಿವಿಗೆ ಬಿದ್ದೊಡನೆ ಇವರ ಕೈಕಾಲು ತಾವಾಗಿಯೇ ಏಳುತ್ತಿದ್ದವು. ಕುರ್ಚಿ ಪೇರಿಸುವವರು ಹಿಂದಿನಿಂದ ಶುರು ಮಾಡಬೇಕು, ಹಗ್ಗದವರು ಗಂಟು ಬಿಚ್ಚಬೇಕು. ಸಂಜೆಗೆ ಇನ್ನೊಂದು ಕಡೆ ಇನ್ನೊಬ್ಬ ನಾಯಕನ ಸಭೆ ಇದ್ದೇ ಇರುತ್ತಿತ್ತು. "ಎಷ್ಟು ಸಲ ಕೊನೇ ಉಸಿರು ಬಿಟ್ಟ ನನ್ನ ಮಗ, ಒಂದು ಸಲವೂ ಸಾಯಲಿಲ್ಲ" ಎಂದು ಹಲೋ ನಗುತ್ತಿದ್ದ.

ಆದರೆ ಈ ಸಲ ಸಹಾಯಕ ರಾಜಧಾನಿಯ ಹೊಸಬನೊಬ್ಬನ ಕೈಯಲ್ಲಿ ಭಾಷಣ ಬರೆಸಿದ್ದ. ಆ ಪುಣ್ಯಾತ್ಮ ಜೋರಾದ ಮಾತು ಮೊದಲಿಗೇ ಇರಲಿ ಎಂದುಕೊಂಡಿದ್ದ.

ಎಂಪಿ ಮೆಟ್ಟಿಲು ಹತ್ತಿ, ಏದುಸಿರು ಸುಧಾರಿಸಿಕೊಂಡು, ಮೈಕಿಗೆ ಬಾಯಿ ಕೊಟ್ಟು ಗುಡುಗಿದ: "ನನ್ನ ಕೊನೆಯ ಉಸಿರೂ ನಿಮ್ಮದೇ!"

ಹಿಂದಿನ ಸಾಲಿನಲ್ಲಿ ಕುರ್ಚಿಗಳು ಖಟಖಟ ಒಂದರ ಮೇಲೊಂದು ಏರಿದವು. ಕೂತವರನ್ನೂ "ಏಳಿ ಅಣ್ಣ, ಏಳಿ ಅಕ್ಕ" ಎಂದು ಎಬ್ಬಿಸಿದರು. ಒಂದು ಬದಿಯ ಪರದೆ ದಬಕ್ಕನೆ ಜಾರಿ ಗಣ್ಯರ ಮೇಲೆ ಬಿತ್ತು. ಒಳಗಿಂದ ಯಾರೋ ಗಣ್ಯರು ಕೆಮ್ಮಿದರು. ಹಲೋ ಅಭ್ಯಾಸಬಲದಿಂದ ತಂತಿ ಎಳೆದು ಮೈಕು ಸುತ್ತಿಟ್ಟ. ಬಾಡಿಗೆ ಲಾರಿಯಲ್ಲಿ ಬಂದಿದ್ದ ಜನ, ಸಭೆ ಇಷ್ಟು ಬೇಗ ಮುಗಿಯಿತಲ್ಲ ಎಂಬ ಖುಷಿಗೆ ಚಪ್ಪಾಳೆ ತಟ್ಟಿದರು.

"ಯಾವನೋ ಅದು ತಲೆಕೆಟ್ಟೋನು! ಹಾಕ್ರೋ ವಾಪಸ್ಸು! ಹಾಕ್ರೋ ಹಂದಿ ನನ್ಮಕ್ಕಳಾ!" ಸಹಾಯಕ ಅತ್ತಿಂದಿತ್ತ ಓಡಿದ.

ತಪ್ಪಾಯಿತೆಂದು ಕೂಲಿಗಳಿಗೂ ತಿಳಿಯಿತು. ಕುರ್ಚಿ ಹಿಡಿದವರು ಹಿಡಿದಲ್ಲೇ ನಿಂತು ಗೂಟದಕ್ಕನ ಕಡೆ ನೋಡಿದರು. ಮೇಲಿನಿಂದ ಎಂಪಿ, ಮೈಕಿಲ್ಲದ ಗಂಟಲಲ್ಲಿ, ಪತ್ರಿಕೆಯವರತ್ತ ನಕ್ಕು ಹೇಳಿದ:

"ನೋಡಿ, ಪಾಪ, ಬುದ್ಧಿ ಇಲ್ಲದ ಜನ. ಇಂಥವರಿಗಾಗಿಯೇ ಅಲ್ಲವೇ ಆ ಖಾಲಿ ಜಾಗದಲ್ಲಿ ನಾನು ಭವನ ಕಟ್ಟಿಸುತ್ತಿರುವುದು?"

ಗೂಟದಕ್ಕನಿಗೆ ಸಿಟ್ಟು ನೆತ್ತಿಗೇರಿತು.

"ಖಾಲಿ ಜಾಗವಾ? ಅಲ್ಲಿ ನಾನು ಎರಡು ಹೆತ್ತಿದೀನಿ ಕಣೋ!"

"ಯಾರಮ್ಮ ನೀನು?" ಎಂದ ಎಂಪಿ.

ಮುಂದಿನ ಸಾಲು ಗೊಳ್ಳೆಂದಿತು. ಗೂಟದಕ್ಕನೂ ನಕ್ಕುಬಿಟ್ಟಳು. ಗಂಡನ ಕಡೆ ತಿರುಗಿ, ಉಪ್ಪು ಕೊಡು ಅನ್ನುವಷ್ಟೇ ಸಲೀಸಾಗಿ ಹೇಳಿದಳು:

"ಮೆಟ್ಟಿಲು ತೆಗಿ."

ಮೌನಿ ಒಂದು ತುದಿ ಎತ್ತಿದ, ಹಲೋ ಇನ್ನೊಂದು. ಮೆಟ್ಟಿಲು ಪಲ್ಲಕ್ಕಿಯ ಹಾಗೆ ಹೊರಟಿತು. ಏಣಿ ಹುಡುಕಿಕೊಂಡು ಓಡಿದ ಸಹಾಯಕನಿಗೆ ಅದು ಗೋದಾಮಿನ ಲಾರಿಯ ತಳದಲ್ಲಿ, ಪೇರಿಸಿದ ಕುರ್ಚಿಗಳ ಕೆಳಗೆ ಕಂಡಿತು. ಇಬ್ಬರು ಪೇದೆಗಳು ಹೆಗಲು ಕೊಡಲು ಬಂದವರು, ಎಂಪಿಯ ಗಾತ್ರ ನೋಡಿ ಬೂಟಿನ ದಾರ ಕಟ್ಟಿಕೊಳ್ಳತೊಡಗಿದರು.

"ಹಾರಿ ಸಾಹೇಬ್ರೆ, ಹಿಡ್ಕೊತೀವಿ!" ಗುಂಪಿನಿಂದ ಒಬ್ಬ ಕೂಗಿದ.

"ಹಿಡಿಯೋದೇನೂ ಬೇಡ, ನೆಲ ಗಟ್ಟಿ ಐತೆ!" ಎಂದಳು ಇನ್ನೊಬ್ಬಳು.

"ಅಕ್ಕ..." ಎಂಪಿ ಅಂಚಿಗೆ ಬಂದು ಬಗ್ಗಿದ. ಈಗ ಅವನಿಗೆ ಗುರುತು ಸಿಕ್ಕಿತ್ತು. "ಅಕ್ಕ, ಏನಿದು ಹುಡುಗಾಟ? ಮೆಟ್ಟಿಲು ಹಾಕ್ಸು. ಆಮೇಲೆ ಬಂಗಲೆಗೆ ಬಾ, ಮಾತಾಡೋಣ."

"ಬಂಗಲೆ ಬಾಗಿಲಲ್ಲಿ ಕಾದು ಕಾದು ನಾಯಿಗೂ ನನ್ನ ಪರಿಚಯ ಆಗೈತೆ. ಇಲ್ಲೇ ಹೇಳು. ನಮ್ಮನೆ ಮುಟ್ಟಲ್ಲ ಅಂತ ಎಲ್ಲರ ಮುಂದೆ ಹೇಳು."

"ಅದು... ಕಾನೂನು ಪ್ರಕಾರ ನೋಡಿ..."

"ನೋಡು ಮತ್ತೆ. ಮೇಲಿಂದ ಚೆನ್ನಾಗಿ ಕಾಣುತ್ತೆ."

ಅಷ್ಟರಲ್ಲಿ ಸಹಾಯಕನಿಗೆ ಉಪಾಯ ಹೊಳೆಯಿತು. ಓಡಿ ಹೋಗಿ ಬುಲ್ಡೋಜರಿನ ಡ್ರೈವರನ್ನು ಗದರಿಸಿ ಎಬ್ಬಿಸಿದ. ಯಂತ್ರ ಗುಡುಗುಡು ಬಂದು ಸೊಂಡಿಲು ಚಾಚಿತು. ಅದರ ತುದಿಯಲ್ಲಿದ್ದ, ನಾಳೆ ತಗಡು ಬಾಚಲಿದ್ದ ಕಬ್ಬಿಣದ ಬುಟ್ಟಿ ವೇದಿಕೆಯ ಅಂಚಿಗೆ ತಾಗಿತು. ಎಂಪಿ ಬಿಳಿ ಪಂಚೆ ಎತ್ತಿ ಹಿಡಿದು, ಒಂದು ಕಾಲಿಟ್ಟು, ಇನ್ನೊಂದು ಕಾಲಿಟ್ಟು, ಒಳಗೆ ಕುಕ್ಕರಿಸಿದ. ಬುಟ್ಟಿ ವೇದಿಕೆ ಬಿಟ್ಟು ಹಿಂದೆ ಸರಿದು, ಮೆಲ್ಲಗೆ ಇಳಿಯತೊಡಗಿತು. ನಡುದಾರಿಯಲ್ಲಿ ನಿಂತಿತು.

ಡ್ರೈವರು ಇಂಜಿನ್ ಆರಿಸಿದ. ಅವನೂ ಎಲ್ಲೋ ಒಂದು ತಗಡಿನ ಕೆಳಗೆ ಮಲಗುವವನೇ ಇರಬೇಕು. ಕಿಟಕಿಯಿಂದ ತಲೆ ಹೊರಹಾಕಿ, ಕಿರುಚುತ್ತಿದ್ದ ಸಹಾಯಕನನ್ನು ದಾಟಿ, ಗೂಟದಕ್ಕನನ್ನು ಹುಡುಕಿದ.

"ಅಕ್ಕ, ಏನ್ಮಾಡ್ಲಿ? ಇಳಿಸ್ಲಾ, ಎತ್ಲಾ?"

ಯಾರೂ ಅವಳನ್ನು ಈವರೆಗೆ ಹಾಗೆ ಕೇಳಿರಲಿಲ್ಲ. ಅವಳು ತಲೆಯೆತ್ತಿ ನೋಡಿದಳು. ಬುಟ್ಟಿಯ ಹಲ್ಲುಗಳ ನಡುವಿನಿಂದ ಎಂಪಿಯ ಮುಖ ಇಣುಕುತ್ತಿತ್ತು.

"ಅವಸರ ಇಲ್ಲಪ್ಪ, ಇರು" ಎಂದಳು. "ಸಾಹೇಬ್ರು ಏನೋ ಹೇಳೋರಿದಾರೆ."