ಗೇಟಿನ ಮುಂದಿನ ಗುಂಡಿ

"ಹೆಣ ಇಳಿಸ್ಬೇಡ್ರೋ, ಬೋಳಿಮಕ್ಕಳಾ! ಇದೇನು ನಿಮ್ಮಪ್ಪನ ಜಾಗಾನಾ?"

ಬೇಲಿಯ ಒಳಗಿದ್ದ ಸೂಪರ್‌ವೈಸರ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಅರಚಿದ. ಹೆಣ ಹೊತ್ತ ನಾಲ್ವರು ಗಕ್ಕನೆ ನಿಂತರು. ಸತ್ತವನ ಹೆಂಡತಿ ಮಾತ್ರ ಗೇಟಿನ ತನಕ ಹೋದಳು.

"ಅಪ್ಪನ ಜಾಗಾನೇ ಸಾಹೇಬ್ರೆ. ಇವರಪ್ಪ, ಅವರಪ್ಪ ಎಲ್ಲಾ ಇಲ್ಲೇ ಇದಾರೆ. ನನ್ನ ಮಗಳೂ ಇಲ್ಲೇ ಇದಾಳೆ."

ಅದು ಅವರ ಕೇರಿಯ ಸ್ಮಶಾನವಾಗಿತ್ತು. ಮೂರು ವರ್ಷದ ಹಿಂದೆ ಬುಲ್ಡೋಜರ್ ಬಂದು ದಿಬ್ಬಗಳನ್ನೆಲ್ಲ ನೆಲಸಮ ಮಾಡಿತು. ಆಳಕ್ಕೆ ಕೊಳವೆ ಇಳಿಸಿ, ಎಲ್ಲಿನದೋ ಕಾರ್ಖಾನೆಗಳು ಉಗುಳಿದ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಸೇರದಂತೆ ಕೆಳಗಿನ ಬಂಡೆಯೊಳಗೆ ತುಂಬತೊಡಗಿದರು. ಕೊಳವೆಯ ಸುತ್ತ ಸಂದಿಲ್ಲದಂತೆ ಮುಚ್ಚುವ ಸಿಮೆಂಟು ಕಲಸಿದವನು ಅವಳ ಗಂಡ. ಮೂಗಿಗೊಂದು ಬಟ್ಟೆಚೂರೂ ಕೊಟ್ಟಿರಲಿಲ್ಲ. ಕೆಮ್ಮು ಹತ್ತಿತು, ರಕ್ತ ಬಿತ್ತು, ನಿನ್ನೆ ಉಸಿರೇ ನಿಂತಿತು. "ಮಗಳ ಪಕ್ಕ ಹಾಕೇ" ಎಂದದ್ದೇ ಕೊನೆಯ ಮಾತು.

"ಇಲ್ಲಿ ಅಗೆಯೋ ಹಾಗಿಲ್ಲ. ಕೆಳಗೆ ಗ್ಯಾಸ್ ಇದೆ."

"ಎಷ್ಟು ಕೆಳಗೆ?"

"ಒಂದೂವರೆ ಕಿಲೋಮೀಟರ್."

"ಅಷ್ಟು ದೂರ ಇರೋದಕ್ಕೆ ಮೂರು ಮೊಳ ಗುಂಡಿ ಏನ್ ಮಾಡುತ್ತೆ? ಅದರ ಬಾಯಿ ಕಟ್ಟಿದ್ದು ಇವರೇ. ಭದ್ರವಾಗೇ ಕಟ್ಟಿರ್ತಾರೆ, ಕೆಲಸಗಳ್ಳರಲ್ಲ."

ಹೆಣ ಹೊತ್ತವರಲ್ಲೊಬ್ಬ ಕಿಸಕ್ಕನೆ ನಕ್ಕ. ನಕ್ಕವನೇ ಬಿಕ್ಕಿದ.

"ಬಾಯಿ ಜಾಸ್ತಿ ಆಯ್ತು ನಿಂದು. ಸಾವಿರ ವರ್ಷ ಈ ನೆಲ ಯಾರೂ ಮುಟ್ಟಂಗಿಲ್ಲ. ಎಲ್ಲಾದ್ರೂ ಹಳ್ಳಕ್ಕೆ ಎಸೀ, ಹೋಗೇ!"

ಅವಳು ಬೇಲಿಯೊಳಗಿನ ನೀಲಿ ಪೈಪಿನ ಬುಡವನ್ನೇ ನೋಡಿದಳು. ಹಳೆಯ ಲಂಗದಲ್ಲಿ ಸುತ್ತಿ ಮಗಳನ್ನು ಮಲಗಿಸಿದ್ದು ಅಲ್ಲೇ. ಬುಲ್ಡೋಜರ್ ಬರುವಾಗ ಹೂತು ಹನ್ನೊಂದು ತಿಂಗಳೂ ತುಂಬಿರಲಿಲ್ಲ.

"ಬಾ ಅತ್ತಿಗೆ," ಗುದ್ದಲಿ, ಹಾರೆ ಹಿಡಿದು ಹಿಂದೆ ಬಂದಿದ್ದ ಮೈದುನ ಮೆಲ್ಲಗೆ ಅಂದ. "ಬಿಸಿಲು ಏರ್ತಾ ಇದೆ. ಅಣ್ಣನ ಮೈ..."

ಬಟ್ಟೆಯಾಚೆ ಗಂಡನ ಪಾದ ಕಾಣುತ್ತಿತ್ತು. ಎಷ್ಟು ತಿಕ್ಕಿ ತೊಳೆದರೂ ಹಿಮ್ಮಡಿಯ ಬಿರುಕಿನ ಸಿಮೆಂಟು ಬಿಟ್ಟಿರಲಿಲ್ಲ. ಅವಳು ಮೈದುನನ ಕೈಯಿಂದ ಗುದ್ದಲಿ ಕಿತ್ತುಕೊಂಡು, ಗೇಟಿನ ಮುಂದಿನ ರಸ್ತೆಯ ನಟ್ಟನಡುವೆ ಬೀಸಿ ಹೊಡೆದಳು. ಜಲ್ಲಿ ಸಿಡಿಯಿತು.

"ಏಯ್! ಗಾಡಿ ಬರೋ ದಾರಿ ಅದು!"

ಹೊತ್ತವರು ಹೆಣ ಇಳಿಸಿದರು, ಮೈದುನ ಹಾರೆ ಹಿಡಿದ. ಉಳಿದವರು ಬೊಗಸೆಯಲ್ಲೇ ಮಣ್ಣು ಬಾಚಿದರು.

ಗ್ಯಾಸ್ ಹೊತ್ತ ಟ್ಯಾಂಕರೊಂದು ಬಂದು ಹಾರ್ನ್ ಬಾರಿಸಿತು. ಅದರ ಹಿಂದೆ ಇನ್ನೊಂದು. ಸೂಪರ್‌ವೈಸರ್ ಫೋನಿನಲ್ಲಿ ಪೊಲೀಸರನ್ನು ಕರೆಯುತ್ತಿದ್ದ. ಮೊಣಕಾಲಾಳದ ಗುಂಡಿಯೊಳಗಿಂದ ಅವಳು ಹೆಣದ ಕಡೆ ತಿರುಗಿದಳು.

"ಇಲ್ಲಿಂದ ಮಗಳು ಇಪ್ಪತ್ತೇ ಹೆಜ್ಜೆ ರೀ," ಎಂದು ಮತ್ತೆ ಗುದ್ದಲಿ ಎತ್ತಿದಳು.