ಬ್ಲೋವರ್ ಪರಮೇಶಯ್ಯನ ಕಿವಿ

“ರೀ, ನೀರು ಜಾಸ್ತಿ ಬಿಸಿ ಐತಾ?” ಎಂದು ಗಿರಿಜಾಂಬಿಕಾ ಗಂಡನ ಹೆಣದ ಬಲಗಿವಿಗೆ ಬಾಯಿಟ್ಟು ಕೂಗಿದಾಗ, ಚೊಂಬು ಹಿಡಿದು ನಿಂತಿದ್ದ ತಂಗಿ ಗಂಗಲಕ್ಷ್ಮಿ ಬೆಚ್ಚಿಬಿದ್ದಳು.

“ಅಕ್ಕಾ, ಯಾರನ್ನ ಕೇಳ್ತಿದ್ದೀಯೇ?”

ಗಿರಿಜಾಂಬಿಕಾ ನಾಲಿಗೆ ಕಚ್ಚಿಕೊಂಡಳು. ಅಷ್ಟು ವರ್ಷದ ಅಭ್ಯಾಸ ಒಂದು ಬೆಳಗಿಗೆ ಬಿಟ್ಟುಹೋಗುತ್ತದೆಯೇ? ತಿಪಟೂರಿನ ಕಾಯಿಪುಡಿ ಫ್ಯಾಕ್ಟರಿಯಲ್ಲಿ ಬ್ಲೋವರ್ ನೋಡಿಕೊಳ್ಳುತ್ತಿದ್ದ ಪರಮೇಶಯ್ಯ ಒಂದು ಸಂಜೆ ಮನೆಗೆ ಬಂದು, ಮಿಷನ್ನಿನ ಅಬ್ಬರಕ್ಕೆ ಕಿವಿ ಹೋಯಿತು ಎಂದಿದ್ದ. ಅಂದಿನಿಂದ ಅವಳು ಕೂಗಿದ್ದೇ ಕೂಗಿದ್ದು. ಊರು ಹೊನ್ನವಳ್ಳಿಯಲ್ಲಿ ಅವಳಿಗೆ ಜಗಳಗಂಟಿ ಎಂಬ ಹೆಸರೂ ಬಂತು. ಪಾಪ, ಅದೂ ಈ ಪುಣ್ಯಾತ್ಮನ ಕಿವಿಗೆ ಬೀಳಲಿಲ್ಲವಲ್ಲ ಎಂದು ಅವಳೇ ಮರುಗುತ್ತಿದ್ದಳು.

ಮೈಗೆ ವಿಭೂತಿ ಹಚ್ಚಿ ಜಗಲಿಯ ಗೋಡೆಗೊರಗಿಸಿ ಕೂರಿಸಿದರು. ಫ್ಯಾಕ್ಟರಿಯವರು ಹಾರ ತಂದರು. ಜೊತೆಯಲ್ಲಿ ಕೆಲಸ ಮಾಡಿದ್ದ ಕೆಂಚಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕಣ್ಣೊರೆಸಿಕೊಂಡ.

“ಎಂಥಾ ಕಿವಿ ಅಕ್ಕಾ ಅಣ್ಣಂದು! ನಮ್ಮಲ್ಲಿ ಕಾಯಿಪುಡೀನ ಗಾಳೀಲೇ ಪೈಪಲ್ಲಿ ತಳ್ಳೋದು. ಜಿಡ್ಡು ಜಾಸ್ತಿ ಆದ್ರೆ ಪೈಪ್ ತಿರುಗೋ ಕಡೆ ಪುಡಿ ಕೂತ್ಕಂಡು ಲೈನೇ ಕಟ್ಕಂತದೆ. ಅಣ್ಣ ಪೈಪಿಗೆ ಕಿವಿ ಇಟ್ಟು, ‘ಗಾಳಿ ಜಾಸ್ತಿ ಬುಡ್ಲಾ, ಪುಡಿ ಕೂರ್ತಾ ಐತೆ’ ಅನ್ನೋರು.”

“ಕೈಗೆ ಗೊತ್ತಾಗ್ತಿತ್ತೇನೋ ಕಣಪ್ಪ. ಕಿವಿ ಎಲ್ಲಿ ಕೇಳ್ತಿತ್ತು?”

“ಯಾಕೆ ಕೇಳ್ತಿರ್ಲಿಲ್ಲ? ಹಿಂದೆ ಕೂತು ಪಿಸುಗುಟ್ಟಿದ್ರೂ ತಿರುಗಿ ಉತ್ರ ಕೊಡೋರು. ಯುಗಾದಿ ದಿನ ತೋಟದಿಂದ ನಂಗೆ ಫೋನ್ ಮಾಡಿ ಎಷ್ಟೊತ್ತು ಮಾತಾಡಿದ್ರು!” ಕೆಂಚಪ್ಪ ಅವಳ ಮುಖ ನೋಡಿ ತಡವರಿಸಿದ. “‘ಮನೇಲಿ ಕಿವುಡಾದ್ರೆ ನೆಮ್ಮದಿ ಕಣ್ಲಾ’ ಅಂತ ನಗೋರು. ನಾನು ತಮಾಷೆ ಅಂದ್ಕಂಡಿದ್ದೆ.”

ಗಂಗಲಕ್ಷ್ಮಿ ಅಕ್ಕನ ತೋಳು ಹಿಡಿದು ಮೆಲ್ಲಗೆ ಕೇಳಿದಳು: “ಅಕ್ಕಾ, ಅವತ್ತು ಡಾಕ್ಟ್ರ ಹತ್ರ ಹೋಗ್ಬಂದು ನನಗೆ ಫೋನ್ ಮಾಡಿದ್ಯಲ್ಲ, ಆಗ ಭಾವ ಎಲ್ಲಿದ್ರು?”

“ಪಕ್ಕದಲ್ಲೇ.”

*

ಹೋದ ತಿಂಗಳು, ಕಾಯಿಲೆ ಬಿದ್ದಿದ್ದ ಪರಮೇಶಯ್ಯನನ್ನು ನೋಡಿ ತುಮಕೂರಿನ ಡಾಕ್ಟರು ಅವಳೊಬ್ಬಳನ್ನೇ ಕರೆದು ವಿಷಯ ಹೇಳಿದ್ದರು. ಮನೆಗೆ ಬಂದವಳೇ ಗಂಡನ ಕಿವಿಗೆ, “ವಾಸಿಯಾಗ್ತದಂತೆ ಕಣ್ರೀ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಅವನು ತಲೆಯಾಡಿಸಿ ಕಾಫಿ ಲೋಟ ತೆಗೆದುಕೊಂಡ. ಅಲ್ಲೇ ಕುಳಿತು ತಂಗಿಗೆ ಫೋನ್ ಮಾಡಿದಳು.

“ಉಳಿಯಲ್ವಂತೆ ಕಣೇ. ಎತ್ತಿ ಇಳಿಸಿ ನನ್ನ ಸೊಂಟ ಬಿದ್ದೋಯ್ತು. ಹೋಗೋದಾದ್ರೆ ಬೇಗ ಹೋಗ್ಬುಡ್ಲಿ, ನನ್ನ ಕೈಲಾಗಲ್ಲ.”

ಅವನು ಕಾಫಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟ. ರಾತ್ರಿ ಗುಳಿಗೆ ಕೊಟ್ಟರೆ ಬಾಯಿ ಬಿಗಿದುಕೊಂಡ. ಮರುದಿನವೂ ಅಷ್ಟೇ. ಹಟಮಾರಿ ಎಂದು ಬೈದು ಅವಳು ಗುಳಿಗೆಗಳನ್ನು ಡಬ್ಬಿಗೆ ವಾಪಸು ಹಾಕಿದ್ದಳು.

*

ಜಗಲಿಯ ಮೇಲೆ ಪರಮೇಶಯ್ಯ ಏನೂ ತಿಳಿಯದವನ ಹಾಗೆ ಕುಳಿತಿದ್ದ. ಕಳ್ಳ! ಕೇಳಿಸಿತು ಎಂದು ಒಂದೇ ಒಂದು ಮಾತು ಹೇಳಿದ್ದರೆ ಅವಳು ಕಾಲು ಹಿಡಿದುಕೊಳ್ಳುತ್ತಿದ್ದಳು. ಸುಸ್ತಾಗಿ ಆಡಿದ ಮಾತು, ಮನಸ್ಸಿನದಲ್ಲ ಎನ್ನುತ್ತಿದ್ದಳು. ಅದಕ್ಕೂ ದಾರಿ ಬಿಡದೆ, ಅವಳನ್ನು ಕೊಲೆಗಾತಿ ಮಾಡಿ ಹೊರಟುಹೋದನಲ್ಲ! ನನ್ನ ಹೊಟ್ಟೆಯೊಳಗಿನದನ್ನೆಲ್ಲ ಕದ್ದು ಕೇಳುತ್ತ ಕೂತವನಿಗೆ ಇಷ್ಟು ವರ್ಷ ಗಂಟಲು ಹರಿದುಕೊಂಡೆನಲ್ಲ ಎಂದು ಅವಳ ಮೈಯೆಲ್ಲ ಉರಿಯಿತು.

“ಬಾಯ್ಬುಟ್ಟು ಅತ್ಬುಡೇ ಅಕ್ಕಾ,” ಎಂದು ಗಂಗಲಕ್ಷ್ಮಿ ಅಂಗಲಾಚಿದಳು. ಗಿರಿಜಾಂಬಿಕಾ ತುಟಿ ಬಿಚ್ಚಲಿಲ್ಲ. ಅವನೆದುರು ಇನ್ನೊಂದು ಮಾತು ಆಡುವುದೇ ಬೇಡವೆನಿಸಿತ್ತು.

ಎತ್ತುವ ಹೊತ್ತಾಯಿತು. ದೊಡ್ಡಪ್ಪ ಮಲ್ಲಿಕಾರ್ಜುನಯ್ಯ ಮೂಗಿಗೆ, ಕಿವಿಗೆ ಇಡಲು ಹತ್ತಿಯ ಸುರುಳಿ ತಂದರು. ಅವಳು ಅದನ್ನು ಕಿತ್ತುಕೊಂಡಳು. ಒಂದು ತುಂಡು ಹರಿದು ಗಂಡನ ಬಲಗಿವಿಗೆ ತುರುಕಿ, ಹೆಬ್ಬೆರಳಿನಿಂದ ಒತ್ತಿದಳು. ಅದರ ಮೇಲೆ ಇನ್ನೊಂದು. ಆಮೇಲೆ ಎಡಗಿವಿಗೆ.

“ಸಾಕು ಬುಡವ್ವಾ,” ಎಂದರು ದೊಡ್ಡಪ್ಪ.

ಅವಳು ಹರಿಯುತ್ತಲೇ ಇದ್ದಳು, ಒತ್ತುತ್ತಲೇ ಇದ್ದಳು. ಸುರುಳಿ ಮುಗಿದ ಮೇಲೆ ಎರಡೂ ಅಂಗೈಗಳಿಂದ ಅವನ ಎರಡೂ ಕಿವಿಗಳನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಬಾಯಿ ಬಿಟ್ಟು ಅತ್ತಳು.