ಅಲ್ಲಾಡಿದ್ದು ಯಾರು?

ಭದ್ರಾವತಿಯ ಫಿಟ್ಟರ್ ಉಜ್ಜನಪ್ಪನಿಗೆ ತನಗೆ ಎಲ್ಲ ಗೊತ್ತು ಎಂಬ ನಂಬಿಕೆ. ಗೊತ್ತಿಲ್ಲದ್ದನ್ನು ಜೋರಾಗಿ ಹೇಳಿದರೆ ಅದೂ ಗೊತ್ತಿದ್ದಂತೆಯೇ ಎಂಬುದು ಅವನ ಲೆಕ್ಕ. ಹಾಗಾಗಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಕೋಣೆಯ ಬಾಗಿಲ ಮೇಲೆ ವಿಕಿರಣದ ಎಚ್ಚರಿಕೆಯ ಮೂರೆಸಳಿನ ಹಳದಿ ಗುರುತು ಕಂಡದ್ದೇ ತಡ, ಪಿತ್ತ ನೆತ್ತಿಗೇರಿತು.

"ಏನಮ್ಮಾ ಇದು? ನಮ್ಮ ಕಾರ್ಖಾನೇಲಿ ವೆಲ್ಡಿಂಗ್ ಚೆಕ್ ಮಾಡೋಕೆ ಈ ಗುರುತಿನ ಪೆಟ್ಟಿಗೆ ತಂದ್ರೆ ನಾಯೀನೂ ಹತ್ರ ಬಿಡ್ತಿರ್ಲಿಲ್ಲ. ಅದನ್ನ ನನ್ನ ಮಗಳ ಕೈಗೆ ಚುಚ್ತೀರಾ?"

ಸ್ಕ್ಯಾನ್ ಮಾಡುವ ಶೀತಲ್‌ಗೆ ಇಂಥವರು ಹೊಸಬರಲ್ಲ. "ಅದು ಕಬ್ಬಿಣ ತೂರಿ ಹೋಗ್ಬೇಕು ಸಾರ್. ಇದು ಚೂರೇ ಚೂರು ಔಷಧಿ, ಮಗು ತೂಕ ನೋಡಿ ಹಾಕ್ತೀವಿ. ಕಿಡ್ನೀಲಿ ಹೋಗಿ ಕೂರುತ್ತೆ, ಕ್ಯಾಮೆರಾಕ್ಕೆ ಕಾಣುತ್ತೆ, ಆಮೇಲೆ ತಾನೇ ಕಮ್ಮಿಯಾಗಿ ಹೋಗುತ್ತೆ."

"ಕೂತ್ಕೊಳ್ರೀ ಮಾರಾಯ್ರೆ, ಅವ್ರಿಗೇ ಪಾಠ ಹೇಳ್ತೀರಲ್ಲ" ಎಂದು ಹೆಂಡತಿ ಜಯಶೀಲಾ ಅಂಗಿ ಜಗ್ಗಿದಳು.

ಒಂದನೇ ಕ್ಲಾಸಿನ ಮಗಳು ಸುಮನಾಗೆ ಮೂತ್ರದ ಸೋಂಕಿನಿಂದ ಮತ್ತೆ ಮತ್ತೆ ಜ್ವರ. ಕಿಡ್ನಿಗೆ ಕಲೆ ಬಿದ್ದಿದೆಯೇ ಎಂದು ನೋಡಬೇಕಿತ್ತು. ಮಗು ಮಿಸುಕದೆ ಮಲಗಿದರೆ ಸರಿ, ಇಲ್ಲವಾದರೆ ನಿದ್ದೆಯ ಔಷಧಿ ಕೊಡಬೇಕು. ಅದು ಮಾತ್ರ ಬೇಡವೇ ಬೇಡ ಎಂದಿದ್ದ ಉಜ್ಜನಪ್ಪ. ಇಂಜೆಕ್ಷನ್ ಆಗಿ, ಮಗು ನೀರು ಕುಡಿದು, ಮಧ್ಯಾಹ್ನದವರೆಗೆ ಕಾದ ಮೇಲೆ ಕರೆ ಬಂತು. ಒಳಗೆ ಒಬ್ಬರಿಗೆ ಮಾತ್ರ ಜಾಗ.

"ನಾನೇ ಹೋಗ್ತೀನಿ. ನಾನು ಹೇಳಿದ್ರೆ ಇವಳು ಉಸಿರೂ ಎತ್ತಲ್ಲ."

ಸುಮನಾ ಯಂತ್ರದ ಕೆಳಗೆ ಅಂಗಾತ ಮಲಗಿದಳು. ಅಪ್ಪ ಅವಳ ಕೈ ಹಿಡಿದುಕೊಂಡ. "ಅಲ್ಲಾಡ್ಬೇಡ." ಅವಳು ಅಲ್ಲಾಡಲಿಲ್ಲ. "ಅಲ್ಲಾಡ್ಬೇಡ ಅಂದೆ! ಮೂಗು ಕೆರ್ಕೋಬೇಡ! ಆ ಕಡೆ ನೋಡ್ಬೇಡ!" ಒಂದೊಂದು ಎಚ್ಚರಿಕೆಗೂ ಆ ಪುಟ್ಟ ಕೈಯನ್ನು ಹಿಡಿದು ಕುಲುಕುತ್ತಿದ್ದ. ಮಾತಿಗೆ ತೂಕ ಕೊಡಲು ಅವನಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಶೀತಲ್ ಯಂತ್ರ ನಿಲ್ಲಿಸಿದಳು. "ಚಿತ್ರ ಕಲಸಿಹೋಯ್ತು."

"ಅಲ್ಲಾಡಿದ್ಯೇನೇ?"

"ನಾನಲ್ಲಪ್ಪ. ನೀನೇ ಅಲ್ಲಾಡ್ಸಿದ್ದು."

"ಹೌದು ಸಾರ್" ಎಂದಳು ಶೀತಲ್. "ಮಗು ಬೊಂಬೆ ಥರ ಮಲಗಿದೆ. ನಿದ್ದೆ ಔಷಧಿ ಕೊಡೋದಾದ್ರೆ ನಿಮಗೇ ಕೊಡ್ಬೇಕು."

ಉಜ್ಜನಪ್ಪ ಬಾಯಿಗೆ ಬಂದ ಉತ್ತರವನ್ನು ನುಂಗಿದ. ಅಭ್ಯಾಸವಿಲ್ಲದ್ದರಿಂದ ಕೆಮ್ಮು ಬಂತು. ಬಾಗಿಲು ತೆಗೆದು ಹೆಂಡತಿಯನ್ನು ಕರೆದ. "ನೀನು ಹೋಗೇ. ನಾನಿದ್ರೆ ಆಗಲ್ಲ."

ಜಯಶೀಲಾ ಒಳಗೆ ಹೋಗಿ ಸುಮ್ಮನೆ ಕೂತಳು. ಹೊರಗೆ ಬೆಂಚಿನ ಮೇಲೆ ಉಜ್ಜನಪ್ಪ ಕುಣಿಯುವ ಮಂಡಿಗಳನ್ನು ಎರಡೂ ಕೈಯಿಂದ ಅದುಮಿ ಹಿಡಿದ. ಗೋಡೆಯಾಚೆಯ ಯಂತ್ರಕ್ಕೆ ಅದೂ ತಗುಲಬಹುದೆಂಬ ಭಯ. ಈ ಸಲ ಚಿತ್ರ ಚೊಕ್ಕವಾಗಿ ಬಂತು. ನಿದ್ದೆಯ ಔಷಧಿ ಬೇಕಾಗಲಿಲ್ಲ.

ಸಂಜೆ ಡಾಕ್ಟರ ಎದುರು ಕೂತು ಅವನು ಏನೋ ಕೇಳಿದ.

"ಕೇಳಿಸ್ಲಿಲ್ಲ, ಸ್ವಲ್ಪ ಜೋರಾಗಿ ಹೇಳಿ" ಎಂದರು ಡಾಕ್ಟರು. ಹುಟ್ಟಿದಾಗಿನಿಂದ ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲ.

"ಕಲೆ ಇದ್ಯಾ ಅಂತ ಕೇಳ್ತಿದಾನೆ ನಮ್ಮಪ್ಪ" ಎಂದಳು ಸುಮನಾ.

"ಇಲ್ಲ ಪುಟ್ಟಿ. ಎರಡೂ ಕಿಡ್ನಿ ಚೆನ್ನಾಗಿವೆ."

ಉಜ್ಜನಪ್ಪ ಎದ್ದು ಬರೀ ಕೈ ಮುಗಿದ. ಮತ್ತೆ ದನಿ ಹೊರಟದ್ದು ಭದ್ರಾವತಿ ಬಸ್ಸಿನಲ್ಲಿ, ಕಂಡಕ್ಟರನ ಮೇಲೆ: "ರೀ, ನಿಧಾನ ಹೊಡಿಯೋಕೆ ಹೇಳ್ರೀ! ಮಗು ಅಲ್ಲಾಡ್ತಾ ಇದೆ!"